ಅಪ್ಪುಗೆಯ ಅಳತೆ

ಶನಿವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಪ್ರೀತಿಯ ತಂಗಿಗೆ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡೊಡನೆ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ಫೋನು ಇರುವಾಗ ಅಕ್ಕ ಕಾಗದ ಯಾಕೆ ಬರೆದಳು, ಅಂದರೆ ಅವನ ವಿಷಯವೇ ಇರಬೇಕು ಎಂದು ಗೊತ್ತಾಗಿರುತ್ತದೆ. ಹೌದು, ಅವನ ವಿಷಯವೇ. ಫೋನಿನಲ್ಲಿ ಅವನ ಮಾತೆತ್ತಿದರೆ ನೀನು "ಒಲೆ ಮೇಲೆ ಹಾಲಿದೆ" ಎಂದು ಇಟ್ಟುಬಿಡುತ್ತೀಯ. ಇಷ್ಟು ವರ್ಷಗಳಲ್ಲಿ ನಿನ್ನ ಮನೆಯಲ್ಲಿ ಎಷ್ಟು ಹಾಲು ಉಕ್ಕಿರಬೇಕು! ಕಾಗದವಾದರೆ ಅರ್ಧಕ್ಕೆ ಮಡಿಸಿಟ್ಟು, ಎದ್ದು ಒಂದು ಸುತ್ತು ಹಾಕಿ, ಮತ್ತೆ ತೆಗೆದು ಓದಬಹುದು. ಹಾಗೇ ಓದು. ಆದರೆ ಪೂರ್ತಿ ಓದು.

ನಿನ್ನವನನ್ನು ಕೊಂದವನು ನಿನ್ನೆ ಬಿಡುಗಡೆಯಾದ. ಅವನು ಮನೆಗೆ ಬರುವ ತಯಾರಿಯಲ್ಲಿ ಅವನ ಹೆಂಡತಿಗೂ ಮಗಳಿಗೂ ಕಳೆದ ಒಂದು ತಿಂಗಳಿಂದ ನೆರವಾದವಳು ನಾನು. ಅವನ ಕೋಟು ಹೊಲಿಯುತ್ತಿರುವವಳೂ ನಾನೇ.

ಈಗ ಬೇಕಾದರೆ ಎದ್ದು ಹೋಗಿ ಬಾ.

ನಾವಿಬ್ಬರೂ ಓದಿದ್ದು ಇಂಗ್ಲಿಷಿನಲ್ಲಿ, ಜಗಳವಾಡಿದ್ದು ಮಾತ್ರ ಮನೆಮಾತಿನಲ್ಲಿ. ಹಾಗಾಗಿ ಸಿಟ್ಟು ಅನ್ನುವುದು ನನಗೆ ಈ ಭಾಷೆಯಲ್ಲೇ ಸರಿಯಾಗಿ ಬರುವುದು. ಸಮಾಧಾನದ ಮಾತುಗಳೆಲ್ಲ ಇಂಗ್ಲಿಷಿನಲ್ಲಿವೆ. ಅವನ್ನು ಇವತ್ತು ಮುಟ್ಟುವುದಿಲ್ಲ.

ಮೊದಲು ಬಂದದ್ದು ಮಗಳು. ಇಪ್ಪತ್ತೈದು ದಾಟಿರಬೇಕು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಮುಂದಿನ ಮೇಜಿಗೆ ಕೂತು ರೋಗಿಗಳನ್ನು ಸರದಿಯಂತೆ ಒಳಗೆ ಕಳಿಸುವ ಕೆಲಸವಂತೆ. ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಕಂದು ಕೋಟು ತೆಗೆದು ಮೇಜಿನ ಮೇಲೆ ಹರವಿದಳು. "ಆಂಟಿ, ಇದನ್ನ ಸ್ವಲ್ಪ ಚಿಕ್ಕದು ಮಾಡಿಕೊಡ್ತೀರಾ? ಅಪ್ಪ ತುಂಬಾ ದಿನ ಆದ್ಮೇಲೆ ಮನೆಗೆ ಬರ್ತಿದಾರೆ. ಇಳಿದುಹೋಗಿದಾರೆ" ಎಂದಳು. ಸೊಂಟ ಹಿಡಿಯಬಹುದು, ತೋಳು ಮೋಟು ಮಾಡಬಹುದು, ಭುಜಕ್ಕೆ ಕೈ ಹಾಕಿದರೆ ಇಡೀ ಕೋಟು ಬಿಚ್ಚಬೇಕಾಗುತ್ತದೆ, ಅದಕ್ಕಿಂತ ಹೊಸದೇ ಹೊಲಿಸುವುದು ವಾಸಿ ಎಂದೆ. ಯಾವ ಗಿರಾಕಿಗಾದರೂ ಅದನ್ನೇ ಹೇಳುತ್ತಿದ್ದೆ. ಅವಳು ಒಪ್ಪಿದಳು. ರಸೀದಿಗೆ ಅಪ್ಪನ ಹೆಸರು ಹೇಳಿದಳು.

ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಆ ಹೆಸರು ಅವನೊಬ್ಬನಿಗೇ ಇರಬೇಕೆಂದೇನೂ ಇಲ್ಲವಲ್ಲ ಎಂದುಕೊಂಡು, ಇಷ್ಟು ದಿನ ಎಲ್ಲಿದ್ದರು ಎಂದು ಕೇಳಿದೆ. ಆ ಹುಡುಗಿ ತಡಬಡಾಯಿಸಲಿಲ್ಲ. "ಜೈಲಲ್ಲಿ ಆಂಟಿ. ಈಗ್ಲೇ ಹೇಳಿಬಿಡ್ತೀನಿ. ಆಮೇಲೆ ಯಾರಿಂದಲೋ ಗೊತ್ತಾಗಿ ನೀವು ಬೇಡ ಅಂದ್ರೆ ಅಮ್ಮನಿಗೆ ಬೇಜಾರಾಗತ್ತೆ" ಎಂದಳು. ಜೈಲಿನಿಂದ ಬರುವವರಿಗೂ ತೋಳು ಎರಡೇ ತಾನೇ ಎಂದೆ. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಅವಳು ಇಷ್ಟವಾದಳು, ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಅವನ ಮನೆಯಲ್ಲಿ ಇಷ್ಟವಾಗುವಂಥದ್ದು ಏನೂ ಇರಬಾರದಿತ್ತು.

ಬೇರೆ ಕಡೆ ನೋಡಿಕೊಳ್ಳಿ ಎನ್ನಬಹುದಿತ್ತು. ಎನ್ನಲಿಲ್ಲ. ರಸೀದಿ ಹರಿದು ಅವಳ ಕೈಗೆ ಕೊಟ್ಟೆ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಸಹಿಸಿಕೊ. ಸಿಟ್ಟು ಆರಬಾರದೆಂದು ನಾನು ಇದನ್ನು ಆಗಾಗ ಮನಸ್ಸಿನಲ್ಲೇ ಓದಿಕೊಳ್ಳುತ್ತಿರುತ್ತೇನೆ, ಬೇರೆಯವರು ದಿನಾ ಗುಳಿಗೆ ನುಂಗುವ ಹಾಗೆ. ಆವತ್ತು ಬೆಳಗಿನ ಮಂಜು. ನಿನ್ನವನು ಪ್ರೆಸ್ಸಿನ ಪಾಳಿ ಮುಗಿಸಿ ನಡೆದುಕೊಂಡು ಮನೆಗೆ ಬರುತ್ತಿದ್ದ. ಕಾರು ಹಿಂದಿನಿಂದ ಬಡಿಯಿತು. ಬಡಿದು ಹೋಗಲಿಲ್ಲ, ನಿಂತಿತು. ಯಾರೋ ಇಳಿದು ಅವನನ್ನು ಎಳೆದು ರಸ್ತೆಯ ಪಕ್ಕಕ್ಕೆ ಮಲಗಿಸಿದರು. ಅವನ ಕನ್ನಡಕ ಎತ್ತಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟರು. ಆಮೇಲೆ ಕಾರು ಹತ್ತಿ ಹೋದರು. ಡಾಕ್ಟರು ಅವನು ತಕ್ಷಣ ಸತ್ತಿಲ್ಲ, ಸ್ವಲ್ಪ ಹೊತ್ತು ಎಚ್ಚರವಿದ್ದಿರಬೇಕು ಎಂದು ಕೋರ್ಟಿನಲ್ಲಿ ಹೇಳಿದರು. ಕೊಂದವನು ಹೇಳಿದ್ದು ಒಂದೇ ಮಾತು: "ನಾಯಿ ಅಂದ್ಕೊಂಡೆ. ಇಳೀಲೇ ಇಲ್ಲ." ಕಟಕಟೆಯಲ್ಲಿ ನಿಂತು, ತಲೆ ತಗ್ಗಿಸಿ, ನಾಯಿ ಅಂದುಕೊಂಡೆ. ನಾಯಿಗೆ ಕನ್ನಡಕವಿತ್ತೇ ಎಂದು ನಾನು ಎದ್ದು ಕೂಗಿದಾಗ ನನ್ನನ್ನು ಹೊರಗೆ ಕಳಿಸಿದರು.

ನಿನಗೆ ಶಿಕ್ಷೆಯ ವರ್ಷಗಳು ಬೇಕಿರಲಿಲ್ಲ. ಪರಿಹಾರವೂ ಬೇಕಿರಲಿಲ್ಲ. "ಅಕ್ಕಾ, ಅವರು ಕೊನೆಗೆ ಏನು ಹೇಳಿದ್ರು ಅಂತ ಅವನಿಗೆ ಗೊತ್ತು. ಅದೊಂದು ಗೊತ್ತಾದ್ರೆ ನಾನು ಮಲಗ್ತೀನಿ" ಎಂದಿದ್ದೆ. ಆ ಮಾತು ನಿನ್ನ ಬಾಯಿಂದ ಬಂದದ್ದು ಒಂದೇ ಸಲ, ಆದರೆ ಅದರಿಂದ ಆಚೆಗೆ ನೀನು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಅವನ ವಕೀಲ ಅವನ ಬಾಯಿಗೆ ಬೀಗ ಜಡಿದಿದ್ದ. ಇಳಿದೇ ಇಲ್ಲ ಎಂದವನು ಕೊನೆಯ ಮಾತು ಕೇಳಿಸಿಕೊಂಡೆ ಎನ್ನುವುದು ಹೇಗೆ?

ಎರಡನೆಯ ಸಲ ತಾಯಿಯೂ ಮಗಳೂ ಒಟ್ಟಿಗೆ ಬಂದರು. ಅಳತೆ ಕೊಡಲು ಮನುಷ್ಯನೇ ಇಲ್ಲವಲ್ಲ, ಏನು ಮಾಡುವುದು ಎಂದೆ. ಅವನ ಹೆಂಡತಿ, ದುಂಡಗಿನ ಮೈಕಟ್ಟು, ಮಾತು ಕಡಿಮೆ, ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಅಂಗಡಿಯ ನಡುವೆ ಬಂದು ನಿಂತಳು. "ಅವರ ಅಳತೆ ನಂಗೊತ್ತು" ಎಂದಳು. ಎರಡೂ ತೋಳು ಮುಂದಕ್ಕೆ ಚಾಚಿ, ವೃತ್ತ ಮಾಡಿ, ಬೆರಳಿಗೆ ಬೆರಳು ಸಿಕ್ಕಿಸಿ, ಕಣ್ಣು ಮುಚ್ಚಿದಳು. "ಇಷ್ಟು. ಸರಿಯಾಗಿ ಇಲ್ಲಿಗೆ ಬೆರಳು ಸಿಗ್ತಿತ್ತು. ಅಳ್ಕೊಳ್ಳಿ."

ಆ ಖಾಲಿ ತೆಕ್ಕೆಯ ಒಳಗೆ ನಾನು ಟೇಪು ಸುತ್ತಿದೆ. ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದಿದ್ದೇನೆ, ಇಲ್ಲದವನ ಅಳತೆಯನ್ನು ಅಪ್ಪುಗೆಯಿಂದ ತೆಗೆದದ್ದು ಅದೇ ಮೊದಲು. ಬೇರೆ ಯಾರಾದರೂ ಆಗಿದ್ದರೆ ಕೂಲಿಯೇ ಬೇಡ ಎನ್ನುತ್ತಿದ್ದೆ. ನನಗೆ ಆಗ ಬಂದ ಯೋಚನೆ ಒಂದೇ: ನನ್ನ ತಂಗಿಯ ತೆಕ್ಕೆಯ ಅಳತೆ ತೆಗೆದವರು ಯಾರು? ಇವಳ ತೆಕ್ಕೆ ಮುಂದಿನ ತಿಂಗಳು ತುಂಬುತ್ತದೆ.

ಮಗಳು ತಲೆ ಅಲ್ಲಾಡಿಸಿದಳು. "ಅಮ್ಮಾ, ಅದು ಆಗಿನ ಅಪ್ಪ. ಈಗ ಅಷ್ಟಿಲ್ಲ." "ನೀನು ಸುಮ್ನಿರು. ಮನೆ ಊಟ ಬಿದ್ರೆ ಎರಡೇ ತಿಂಗಳು." "ಊಟ ಮಾಡೋದು ಅಪ್ಪ, ಕೋಟಲ್ಲ." ಮಗಳಿಗೆ ಅವಳದೇ ಅಳತೆಯಿತ್ತು. ಈಚೆಗೆ ನೋಡಲು ಹೋಗಿದ್ದಾಗ ಹೊರಡುವ ಮುಂಚೆ ಅಪ್ಪನ ಬೆನ್ನ ಮೇಲೆ ಕೈಯಿಟ್ಟಿದ್ದಳಂತೆ. ಬೆನ್ನಿನ ನಡುವಿನಿಂದ ಭುಜದ ತುದಿಗೆ ಸರಿಯಾಗಿ ಒಂದು ಗೇಣು. ಮೇಜಿನ ಮೇಲೆ ಕೈ ಅಗಲಿಸಿ ಇಟ್ಟಳು, ನಾನು ಅದನ್ನೂ ಅಳೆದುಕೊಂಡೆ. ತಾಯಿಯ ತೆಕ್ಕೆಯಲ್ಲಿದ್ದ ಗಂಡಸಿಗೂ ಮಗಳ ಗೇಣಿನಲ್ಲಿದ್ದ ಗಂಡಸಿಗೂ ತಾಳೆಯೇ ಆಗುತ್ತಿರಲಿಲ್ಲ.

ಮಗಳು ಬಟ್ಟೆಯ ಬಣ್ಣ ಬಿಸಿಲಲ್ಲಿ ನೋಡಿ ಬರುತ್ತೇನೆಂದು ತುಂಡು ಹಿಡಿದು ಹೊರಗೆ ಹೋದಳು. ಆಗ ತಾಯಿ ನನ್ನ ಕಡೆ ತಿರುಗಿ, ದನಿ ತಗ್ಗಿಸದೆಯೇ, "ನೀವು ಯಾರು ಅಂತ ನಂಗೊತ್ತು" ಎಂದಳು. ಕೋರ್ಟಿನಲ್ಲಿ ನಿನ್ನ ಪಕ್ಕ ಕೂತು ನಾನು ಕೈಹೊಲಿಗೆ ಹಾಕುತ್ತಿದ್ದದ್ದು ಅವಳ ನೆನಪಿನಲ್ಲಿತ್ತು. ಹಾಗಾದರೆ ಈ ಅಂಗಡಿಗೇ ಯಾಕೆ ಬಂದಿರಿ ಎಂದೆ. "ಅದಕ್ಕೇ ಬಂದೆ. ಮಗಳನ್ನೂ ನಾನೇ ಕಳಿಸ್ದೆ. ಅವಳಿಗೆ ಏನೂ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ." ಮಗಳಿಗೆ ಮದುವೆ ಗೊತ್ತಾಗಿದೆ, ರಿಜಿಸ್ಟರ್ ಮದುವೆ, ಈಗ ಬರುವ ಶುಕ್ರವಾರ. ಬೀಗರು ಒಳ್ಳೆಯವರು, ಆದರೆ ಒಂದೇ ಒಂದು ಮಾತು ಕೇಳಿದರಂತೆ: ಆ ಸತ್ತವರ ಮನೆಯವರು ಇವರನ್ನು ಕ್ಷಮಿಸಿದ್ದಾರಾ? "ಅವರು ಹಾಕ್ಕೊಂಡು ನಿಂತಿರೋ ಕೋಟು ಆ ಮನೆಯವರೇ ಹೊಲಿದಿದ್ದು ಅಂತ ನಾನು ಹೇಳಿದ್ರೆ ಸಾಕು. ಮತ್ತೇನೂ ಕೇಳಲ್ಲ."

ನನ್ನ ಮೈ ಉರಿದುಹೋಯಿತು. ಕ್ಷಮೆ ಕೇಳಲು ಬಂದಿರಲಿಲ್ಲ ಅವಳು. ಕ್ಷಮೆಯನ್ನು ಹೊಲಿಸಿಕೊಂಡು ಹೋಗಲು ಬಂದಿದ್ದಳು, ಕೂಲಿ ಕೊಟ್ಟು. ಆದರೂ ಆ ಧೈರ್ಯಕ್ಕೆ ಮೆಚ್ಚಬೇಕು. ನಾನು ಅವಳ ಜಾಗದಲ್ಲಿದ್ದು, ನನಗೆ ಆ ಹುಡುಗಿಯಂಥ ಮಗಳಿದ್ದರೆ, ನಾನೂ ಇದನ್ನೇ ಮಾಡುತ್ತಿದ್ದೆನೇನೋ. ಇಂಥ ಯೋಚನೆಗಳು ನನಗೆ ಯಾವಾಗಲೂ ಬರುತ್ತವೆ, ನಿನಗೆ ಗೊತ್ತಲ್ಲ. ಬರುತ್ತವೆ, ಕೂರುತ್ತವೆ, ನನ್ನ ಕೈಯನ್ನು ಮಾತ್ರ ಹಿಡಿಯುವುದಿಲ್ಲ.

ಹೊಲಿಯುತ್ತೇನೆ, ಆದರೆ ಟ್ರಯಲ್ ನೋಡದೆ ನಾನು ಕೋಟು ಕೊಡುವುದಿಲ್ಲ ಎಂದೆ. ಇದು ನನ್ನ ಅಂಗಡಿಯ ನಿಯಮವೇ, ಸುಳ್ಳಲ್ಲ. ಕಚ್ಚಾ ಹೊಲಿಗೆಯಲ್ಲಿ ಒಮ್ಮೆ ತೊಡಿಸಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕದೆ ನಾನು ಯಾರ ಕೋಟನ್ನೂ ಮುಗಿಸುವುದಿಲ್ಲ. ಅವಳಿಗೆ ಮಾತ್ರ ಒಂದು ಷರತ್ತು ಹೆಚ್ಚು ಹಾಕಿದೆ: ಜೈಲಿನ ಬಾಗಿಲಿನಿಂದ ಅವನು ಸೀದಾ ಇಲ್ಲಿಗೆ ಬರಬೇಕು. ಮನೆಗೂ ಮೊದಲು. ಅವಳು ಕುರ್ಚಿಯ ಮೇಲಿದ್ದ ಕೈಚೀಲ ಎತ್ತಿಕೊಂಡಳು. "ಏನು ಮಾಡ್ತೀರಿ ಅವರನ್ನ?" "ಅಳತೆ ತಗೋತೀನಿ" ಎಂದೆ. ಅಷ್ಟರಲ್ಲಿ ಮಗಳು ಒಳಗೆ ಬಂದು, ಬೂದು ಬಣ್ಣವೇ ಚೆನ್ನಾಗಿದೆ, ಅಪ್ಪನ ಕೂದಲಿಗೆ ಮ್ಯಾಚ್ ಆಗುತ್ತದೆ ಎಂದಳು.

ಆಮೇಲಿನ ದಿನಗಳಲ್ಲಿ ಮಗಳು ಅದಕ್ಕೆ ಇದಕ್ಕೆಂದು ಬರುತ್ತಲೇ ಇದ್ದಳು. ಲೈನಿಂಗಿನ ಬಣ್ಣ, ಗುಂಡಿಗಳು, ಅಪ್ಪನ ಕೋಣೆಗೆ ಪರದೆ. ಜೈಲಿನ ಕಡೆಯಿಂದ ಒಬ್ಬಾಕೆ ಮನೆಗೆ ಬಂದು ಏನೇನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿ ಹೋಗಿದ್ದರಂತೆ. ಬಾಗಿಲ ಮುಂದೆ ಸುಮ್ಮನೆ ನಿಂತುಬಿಡುತ್ತಾರೆ, ಯಾರಾದರೂ ತೆಗೆಯಲಿ ಎಂದು ಕಾಯುತ್ತಾರೆ, ನಗಬೇಡಿ. ಊಟದ ತಟ್ಟೆಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ಕೇಳಬೇಡಿ. ಮೊದಲ ದಿನಗಳಲ್ಲಿ ಜನ ಸೇರಿಸಬೇಡಿ. ಇದನ್ನೆಲ್ಲ ಆ ಹುಡುಗಿ ನನಗೆ ಒಪ್ಪಿಸಿ, "ನೀವೇನು ಹೇಳ್ತೀರಿ ಆಂಟಿ?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಒಬ್ಬೊಬ್ಬರಾಗಿ ಬಂದರೆ ಪ್ರತಿಯೊಬ್ಬರಿಗೂ ಹೊಸದಾಗಿ ಮುಖ ಕೊಡಬೇಕಾಗುತ್ತದೆ, ಅದರ ಬದಲು ನೆಂಟರು, ನೆರೆಯವರು, ಬೀಗರು ಎಲ್ಲರನ್ನೂ ಬಂದ ದಿನವೇ ಒಟ್ಟಿಗೆ ಊಟಕ್ಕೆ ಕರೆದುಬಿಡು ಎಂದೆ. ಕೋಣೆಯಲ್ಲಿ ಒಂದು ನಿಲುವುಗನ್ನಡಿ ಇರಲಿ ಎಂದೆ. ಅಲ್ಲಿ ಅಂಗೈಯಗಲದ ಕನ್ನಡಿಯಲ್ಲಿ ಗಡ್ಡ ಮಾತ್ರ ನೋಡಿಕೊಂಡವನು ಇಲ್ಲಿ ತನ್ನನ್ನು ತಲೆಯಿಂದ ಕಾಲಿನವರೆಗೆ ಪ್ರತಿ ಬೆಳಗ್ಗೆ ನೋಡಿಕೊಳ್ಳಲಿ ಎಂದು. ಅಂಗಡಿಯಲ್ಲಿದ್ದ ಹೆಚ್ಚಿನ ಕನ್ನಡಿಯನ್ನು ನಾನೇ ಕೊಟ್ಟು ಕಳಿಸಿದೆ. "ನಮ್ಮ ಸ್ವಂತದವರೂ ಇಷ್ಟು ಮಾಡಲ್ಲ ಆಂಟಿ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

ಇದೆಲ್ಲ ಚಿಲ್ಲರೆ ಸೇಡು ಎಂದು ನನಗೂ ಗೊತ್ತು. ದೊಡ್ಡ ಸೇಡಿಗೆ ಬೇಕಾದ ಕಿಚ್ಚು ಇದೆ, ಕೈ ಇಲ್ಲ. ನನ್ನ ಕೈಯಲ್ಲಿರುವುದು ಸೂಜಿ, ಅದು ಚುಚ್ಚುವಷ್ಟು ಮಾತ್ರ ಚುಚ್ಚುತ್ತದೆ.

ಬಟ್ಟೆ ಕತ್ತರಿಸುವ ದಿನ ಬಂದಾಗ ಮೊದಲು ಹೆಂಡತಿಯ ತೆಕ್ಕೆಯ ಅಳತೆಗೇ ಗೆರೆ ಎಳೆದೆ. ಕತ್ತರಿಸಿದ್ದರೆ ನಾನು ಯಾವ ತಪ್ಪನ್ನೂ ಮಾಡಿದಂತೆ ಆಗುತ್ತಿರಲಿಲ್ಲ. ಅವರು ಕೊಟ್ಟದ್ದೇ ಅಳತೆ. ಬೀಗರ ಮುಂದೆ ಅವನು ಯಾರದೋ ಕೋಟು ಕದ್ದು ತೊಟ್ಟವನ ಹಾಗೆ, ಭುಜ ಮೊಣಕೈಗಿಳಿದು, ಕೈ ಕಾಣದೆ ನಿಂತಿರುತ್ತಿದ್ದ. ಆ ಚಿತ್ರವನ್ನು ಎಷ್ಟೋ ಹೊತ್ತು ಚಪ್ಪರಿಸಿದೆ. ಆಮೇಲೆ ಹೊಳೆಯಿತು, ದೊಡ್ಡ ಕೋಟಿನೊಳಗೆ ಮುಳುಗಿದ ಮುದುಕನನ್ನು ಕಂಡರೆ ಜನ ನಗುವುದಿಲ್ಲ. ಅಯ್ಯೋ ಪಾಪ ಎನ್ನುತ್ತಾರೆ. ಎಷ್ಟು ಸೊರಗಿದ್ದಾನೆ, ಸಾಕಪ್ಪ ಪಟ್ಟ ಪಾಡು ಎನ್ನುತ್ತಾರೆ. ನನ್ನ ಕೈಯಾರೆ ಅವನಿಗೆ ಅನುಕಂಪ ಹೊಲಿದುಕೊಡಲೇ? ಗೆರೆಗಳನ್ನು ಒರೆಸಿ ಹಾಕಿ ಮಗಳ ಗೇಣಿಗೆ ಹೊಸದಾಗಿ ಎಳೆದೆ. ಅವನ ಮೈಯಲ್ಲಿ ಎಲ್ಲಿಯೂ ಯಾರೂ ಮರುಗುವಂಥದ್ದು ಕಾಣಬಾರದು. ಅಷ್ಟು ಜೋಪಾನವಾಗಿ ನಾನು ಯಾರಿಗೂ ಹೊಲಿದಿಲ್ಲ, ನಿನ್ನ ಮದುವೆಯ ರವಿಕೆಯನ್ನೂ.

ನಿನ್ನೆ ಹನ್ನೊಂದರ ಸುಮಾರಿಗೆ ಬಂದರು. ಹೊರಗೆ ಆಟೋ ನಿಂತ ಸದ್ದಾಯಿತು, ಯಾರೂ ಒಳಗೆ ಬರಲಿಲ್ಲ. ನೋಡಿದರೆ ಅವನು ಗಾಜಿನ ಬಾಗಿಲ ಆಚೆ ನಿಂತಿದ್ದ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು. ಬಾಗಿಲು ತೆಗೆಯಲಿ ಎಂದು ಕಾಯುತ್ತಿದ್ದ. ಹೆಂಡತಿ ಆಟೋದವನಿಗೆ ದುಡ್ಡು ಕೊಡುತ್ತಿದ್ದಳು, ಮಗಳು ಚೀಲ ಇಳಿಸುತ್ತಿದ್ದಳು. ಬಾಗಿಲಿಗೂ ನನಗೂ ನಡುವೆ ಕತ್ತರಿ ಮೇಜಿನಷ್ಟೇ ದೂರ. ನಾನು ಏಳಲಿಲ್ಲ. ಮಗಳು ಬಂದು ತೆಗೆಯುವವರೆಗೂ ಅವನು ಗಾಜಿನೊಳಗಿಂದ ನನ್ನನ್ನು ನೋಡುತ್ತ, ನಾನು ಅವನನ್ನು ನೋಡುತ್ತ ಇದ್ದೆವು. ನನ್ನ ಗುರುತು ಅವನಿಗೆ ಸಿಗಲಿಲ್ಲ. ಕೋರ್ಟಿನಲ್ಲಿ ತಲೆ ಎತ್ತಿದವನೇ ಅಲ್ಲವಲ್ಲ.

ನಾನು ಕಲ್ಪಿಸಿಕೊಂಡಿದ್ದವನು ಎತ್ತರವಿದ್ದ. ಇವನು ನನಗಿಂತ ಒಂದು ಬೆರಳು ಕುಳ್ಳ. ಕೂದಲು ನಿಜಕ್ಕೂ ಆ ಬೂದು ಬಣ್ಣವೇ. ಮೂರು ಮಡಿಕೆಯ ಕನ್ನಡಿಯ ಮುಂದೆ ನಿಲ್ಲಿಸಿ, ಕಚ್ಚಾ ಹೊಲಿಗೆಯ ಕೋಟನ್ನು ಹಿಂದಿನಿಂದ ತೊಡಿಸಿದೆ. ಕನ್ನಡಿಯಲ್ಲಿ ಒಮ್ಮೆಗೇ ಮೂವರಾದ. ಯಾರನ್ನೂ ನೋಡದೆ ನೆಲ ನೋಡಿದ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಕೊರಳಿನಿಂದ ಟೇಪು ಸರ್ರನೆ ಎಳೆದೆ.

ಆಗ ಅವನು ಕೈ ಎತ್ತಿದ. ನಾನು ಹೇಳಿರಲಿಲ್ಲ. ಎರಡೂ ತೋಳನ್ನು ಅಡ್ಡಕ್ಕೆ ನೀಡಿ, ಅಂಗೈ ಬಿಡಿಸಿ, ಕಾಲು ಅಗಲಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತ. ಕೋಟಿನ ಅಳತೆಗೆ ಯಾರೂ ಹಾಗೆ ನಿಲ್ಲುವುದಿಲ್ಲ. ಮೈ ತಡಕಲು ಬರುವವರಿಗೆ ಹಾಗೆ ನಿಲ್ಲುತ್ತಾರೆ. ಹೆಂಡತಿ ಗುಂಡಿಗಳ ಡಬ್ಬಿಗಳನ್ನು ನೋಡತೊಡಗಿದಳು, ಒಂದೊಂದಾಗಿ, ಕೊಳ್ಳುವವಳ ಹಾಗೆ.

ಇಳಿಸಿ ಎನ್ನಬೇಕಿತ್ತು. ಮನುಷ್ಯರಾದವರು ಅನ್ನುತ್ತಾರೆ. ನಾನು ನಿಧಾನವಾಗಿ ಬೆನ್ನು ಅಳೆದೆ, ತೋಳು ಅಳೆದೆ, ಅಳೆದದ್ದನ್ನೇ ಮತ್ತೆ ಅಳೆದೆ. ಅವನ ತೋಳು ನಡುಗಲು ಶುರುವಾಯಿತು. ನನಗೆ ಹೇಗಾಯಿತು ಎಂದು ಕೇಳಬೇಡ, ಹೇಳಿಬಿಡುತ್ತೇನೆ. ಹಿತವಾಯಿತು. ಬಿಸಿ ನೀರಿಗೆ ಕಾಲು ಇಳಿಬಿಟ್ಟ ಹಾಗೆ.

"ಅಪ್ಪಾ, ಕೈ ಇಳಿಸು" ಎಂದಳು ಮಗಳು. ಅವನು ಇಳಿಸಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಅಪ್ಪಣೆಗಾಗಿ. ಬಾಯಿಂದ ಪಿನ್ನುಗಳನ್ನು ತೆಗೆದು ಅಂಗೈಗೆ ಹಾಕಿಕೊಂಡು ಹೇಳಿದೆ: ನೀವು ರಸ್ತೆಯ ಪಕ್ಕಕ್ಕೆ ಮಲಗಿಸಿ ಹೋದವರ ಹೆಂಡತಿಗೆ ನಾನು ಅಕ್ಕ. ಅವರು ಕೊನೆಗೆ ಏನು ಹೇಳಿದರು?

ಮಗಳ ಬಾಯಿಂದ "ಆಂಟಿ?" ಎಂಬ ಒಂದೇ ಮಾತು ಬಂತು. ಆಮೇಲೆ ತಾಯಿಯ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಅಪ್ಪನ್ನ ಇಲ್ಲಿಗೆ ಕರ್ಕೊಂಡು ಬಂದ್ಯಾ?" ಎಂದಳು. ಆ ಹುಡುಗಿ ಹೋಗಿ ಅಪ್ಪನ ಒಂದು ಮಣಿಕಟ್ಟು ಹಿಡಿದು ಕೆಳಗಿಳಿಸಿದಳು. ಇನ್ನೊಂದು ಕೈ ಮೇಲೆಯೇ ಇತ್ತು, ನನ್ನ ಮಾತಿಗೆ ಕಾಯುತ್ತ. ಅವನು ತಲೆ ಅಲ್ಲಾಡಿಸಿದ. ತುಟಿ ಅಲುಗಿತು, ಬಾಯಿ ಬಿಡಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ತಂಗೀ. ಅವನು ಇನ್ನೂ ಇಳಿದೇ ಇಲ್ಲ ಎಂಬಲ್ಲೇ ನಿಂತಿದ್ದಾನೆ.

"ಸಾಕು" ಎಂದಳು ಅವನ ಹೆಂಡತಿ. ನನಗೆ ಹೇಳಿದಳೋ, ಅವನಿಗೋ, ತನಗೋ, ತಿಳಿಯಲಿಲ್ಲ. ಅವನು ಮಾತ್ರ ಆ ಮಾತಿಗೆ ಕೈ ಇಳಿಸಿದ.

ಬಲಭುಜ ಸ್ವಲ್ಪ ಎಳೆಯುತ್ತಿದೆ, ಇನ್ನೊಂದು ಟ್ರಯಲ್ ಬೇಕು, ಬುಧವಾರ ನಾಲ್ಕು ಗಂಟೆಗೆ ಬನ್ನಿ ಎಂದೆ. ಮಗಳು ಚೀಲ ಎತ್ತಿಕೊಂಡು, "ಈ ಕೋಟೇ ಬೇಡ. ಅಪ್ಪ ಅಂಗೀಲೇ ನಿಲ್ಲಲಿ" ಎಂದಳು. "ಬರ್ತೀವಿ" ಎಂದಳು ತಾಯಿ. ಕೋಟು ಹೊಲಿಯುವವರು ಯಾರೆಂದು ಬೀಗರಿಗೆ ಆಗಲೇ ಹೇಳಿಬಿಟ್ಟಿದ್ದಾಳಲ್ಲ. ಬಾಗಿಲಲ್ಲಿ ಆ ಹುಡುಗಿ ತಿರುಗಿ ನಿಂತು, "ನಿಮ್ಮ ಕನ್ನಡಿ ನಾಳೆ ವಾಪಸ್ ಕಳಿಸ್ತೀನಿ ಆಂಟಿ. ನೀವೇ ನೋಡ್ಕೊಳ್ಳಿ" ಎಂದಳು. ಇವತ್ತು ಬೆಳಗ್ಗೆ ಕಳಿಸಿದಳು, ಹಳೆಯ ಹೊದಿಕೆಯಲ್ಲಿ ಜೋಪಾನವಾಗಿ ಸುತ್ತಿ. ಬಂದ ದಿನದ ಊಟವೂ ನಡೆಯಲಿಲ್ಲವಂತೆ. ಅವಳೇ ಎಲ್ಲರಿಗೂ ಫೋನು ಮಾಡಿ ಬೇಡ ಎಂದಳಂತೆ. ಅಷ್ಟರ ಮಟ್ಟಿಗೆ ನಾನು ಸೋತೆ. ಅವಳ ಬಳಿ ಸೋತದ್ದಕ್ಕೆ ನನಗೆ ಅಂಥ ಬೇಸರವೇನೂ ಇಲ್ಲ.

ಇಷ್ಟು ನಡೆದದ್ದು. ನಿನ್ನ ಹೆಸರಿನಲ್ಲಿ ಇದನ್ನೆಲ್ಲ ಮಾಡಲು ನೀನು ನನಗೆ ಹೇಳಿರಲಿಲ್ಲ. ನೀನು ಹೇಳಿದ್ದರೆ ಮಾಡುತ್ತಿದ್ದೆನೋ ಇಲ್ಲವೋ, ಅದೂ ನನಗೆ ತಿಳಿಯದು. ನಿನ್ನ ದುಃಖವನ್ನು ನಾನು ಎರವಲು ತಂದು ನನ್ನದೇ ಅನ್ನುವ ಹಾಗೆ ಬಳಸುತ್ತಿದ್ದೇನೆಯೇ ಎಂದು ಇವತ್ತು ಬೆಳಗ್ಗೆ ಆ ಕನ್ನಡಿ ಬಿಚ್ಚುವಾಗ ಕೇಳಿಕೊಂಡೆ. ಹೌದು ಅನ್ನಿಸಿತು. ಹಿಂದಿರುಗಿಸುವ ಮನಸ್ಸು ಮಾತ್ರ ಬರಲಿಲ್ಲ. ಬುಧವಾರ ನೀನು ಬರಬೇಕೆಂದು ನಾನು ಕೇಳುವುದಿಲ್ಲ. ಊಟ ಸರಿಯಾಗಿ ಮಾಡು, ಒಲೆಯ ಮೇಲಿನ ಹಾಲು ನೋಡಿಕೊ.

ನಿನ್ನ ಒಳ್ಳೆಯದನ್ನೇ ಬಯಸುವ, ಬೇರೆಯವರಿಗೆ ಅಷ್ಟು ಒಳ್ಳೆಯವಳಲ್ಲದ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಆ ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಬೇಡ, ನಿನ್ನ ಅಕ್ಕ ಸುಳ್ಳು ಹೇಗೆ ಬರೆಯುತ್ತಾಳೆಂದು ನೀನೂ ನೋಡು. ಬಲಭುಜ ಎಳೆಯುತ್ತಿಲ್ಲ. ಕೋಟು ಅವನ ಮೈಗೆ ಎರಕ ಹೊಯ್ದ ಹಾಗೆ ಕೂತಿದೆ. ಮತ್ತೆ, ಅವನು ಬಾಯಿ ಬಿಟ್ಟ. ಕೇಳಿದ ಕೂಡಲೇ ಬಿಟ್ಟ, ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದವನ ಹಾಗೆ. ಮೊದಲು ನಿನ್ನವನು ನಿನ್ನನ್ನು ಕರೆಯುತ್ತಿದ್ದ ಆ ಹೆಸರು ಹೇಳಿದ. ಕೋರ್ಟಿನ ಯಾವ ಕಾಗದದಲ್ಲೂ ಇಲ್ಲದ ಹೆಸರು, ನಾನೇ ಅದನ್ನು ನಿಮ್ಮ ಮನೆಯಲ್ಲಿ ಬಾಗಿಲ ಸಂದಿಯಿಂದ ಕೇಳಿ ನಕ್ಕಿದ್ದೆ. ಆಮೇಲೆ ಒಂದು ವಾಕ್ಯ ಹೇಳಿದ. ಹೇಳಿಲ್ಲ ಎಂದು ನಾನು ಬರೆದದ್ದು, ಹೇಳಿದ ಎಂದರೆ ಅವನಿಗೆ ಒಂದಾದರೂ ಒಳ್ಳೆಯತನವನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂದು. ಅಷ್ಟನ್ನು ಕೊಡಲೂ ನನಗೆ ಕೈ ಬರಲಿಲ್ಲ. ಆ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಅವನು ನಿನ್ನ ಮುಖ ನೋಡಿಕೊಂಡು ಹೇಳಬೇಕು. ಬುಧವಾರ ನಾಲ್ಕು ಗಂಟೆಗೆ ಬಾ. ಟೇಪು ಕಂಡೊಡನೆ ಅವನ ಕೈ ಮೇಲಕ್ಕೆ ಹೋಗುತ್ತದೆ. ಆವತ್ತು ಟೇಪನ್ನು ನಿನ್ನ ಕೈಗೆ ಕೊಡುತ್ತೇನೆ.